ವಾಢ ಎಂಬ ಮರಾಠಿ ಮಾತು

ಮೊನ್ನೆ ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಅವ್ವನ ಕೈ ಬಚ್ಚಲಿನ ನಲ್ಲಿಗೆ ಬಡಿದು ಹಸಿರು ಗಾಜಿನ ಬಳೆಯೊಂದು ಚೂರಾಯಿತು. ಬೂಟು ಹಾಕಿಕೊಳ್ಳುತ್ತಿದ್ದ ನಾನು ಸದ್ದು ಕೇಳಿ ಹೊರಗಿನಿಂದಲೇ "ಏನಾತವ್ವಾ?" ಎಂದೆ. "ಏನಿಲ್ಲಪಾ, ಬಳಿ ವಾಢಾತು" ಎಂದು ಒಳಗಿನಿಂದ ಉತ್ತರ ಬಂತು.

ನಿಮಗೆ ಇದು ಅರ್ಥವಾಗದಿದ್ದರೆ ತಪ್ಪು ನಿಮ್ಮದಲ್ಲ. ಅವ್ವ ಹುಟ್ಟಿದ್ದು ಬೀದರ ಜಿಲ್ಲೆಯಲ್ಲಿ, ಬಾಳಿದ್ದು ನಾಸಿಕದಲ್ಲಿ. ಯಾವ ಮಾತು ಎಲ್ಲಿಯದು ಎಂದು ವಿಂಗಡಿಸುವ ಗೋಜಿಗೆ ಅವಳು ಎಂದೂ ಹೋದವಳಲ್ಲ. ‘ವಾಢ’ ಎಂದರೆ ಮರಾಠಿಯಲ್ಲಿ ಬೆಳವಣಿಗೆ, ಹೆಚ್ಚಳ. ಮಕ್ಕಳು ಬೆಳೆದರೂ ವಾಢ, ಈರುಳ್ಳಿಯ ದರ ಏರಿದರೂ ವಾಢ. ತಟ್ಟೆಗೆ ಅನ್ನ ಬಡಿಸುವುದಕ್ಕೂ ಅದೇ ಮಾತು. ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಮುತ್ತೈದೆಯ ಬಳೆ ‘ಒಡೆಯಿತು’ ಎನ್ನುವುದು ಅಶುಭವಲ್ಲವೇ? ಅದಕ್ಕೇ ಮರಾಠಿಯ ಹೆಂಗಸರು ಬಳೆ ಒಡೆದಾಗ ‘ವಾಢಿತು’ ಎನ್ನುತ್ತಾರೆ. ತೆಂಗಿನಕಾಯಿ ಒಡೆಯುವುದನ್ನೂ ‘ವಾಢಿಸುವುದು’ ಎನ್ನುತ್ತಾರೆ. ನಮ್ಮ ಕಡೆ ದೀಪ ಆರಿಸು ಎನ್ನಲಾರದೆ ‘ದೀಪ ದೊಡ್ಡದು ಮಾಡು’ ಎನ್ನುವುದಿಲ್ಲವೇ, ಹಾಗೆ. ಪಂಚವಟಿಯಲ್ಲಿ ನನ್ನದೊಂದು ಪೂಜಾ ಸಾಮಾನಿನ ಅಂಗಡಿ ಇದೆ. ಬೆಳಗಿನಿಂದ ಸಂಜೆಯವರೆಗೆ ಯಾತ್ರಿಕರು ‘ವಾಢಿಸುವ’ ಕಾಯಿ ಕೇಳುತ್ತಾರೆ, ನಾನು ಕೊಡುತ್ತೇನೆ. ಒಡೆಯುವ ವಸ್ತುವನ್ನು ಬೆಳೆಯುವ ಮಾತಿನಲ್ಲಿ ಮಾರಿ ಹೊಟ್ಟೆ ಹೊರೆಯುವವನು ನಾನು.

ಬೇರೆ ದಿನವಾಗಿದ್ದರೆ ಚೂರುಗಳನ್ನು ಗುಡಿಸಿ ಮರೆತುಬಿಡುತ್ತಿದ್ದೆವು. ಮೊನ್ನೆ ಮಾತ್ರ ಬಚ್ಚಲಿನಿಂದ ಹೊರಬಂದ ಅವ್ವ ನನ್ನ ಮುಖ ನೋಡಲಿಲ್ಲ, ನಾನೂ ಅವಳ ಕೈ ನೋಡಲಿಲ್ಲ. ಯಾಕೆಂದರೆ ನಾವು ಹೊರಟಿದ್ದುದು ಸಂಭಾಜಿನಗರದ ಆಸ್ಪತ್ರೆಗೆ. ಅವ್ವನ ಬಾಯಲ್ಲಿ ಅದು ಇನ್ನೂ ಔರಂಗಾಬಾದೇ. ಜೊತೆಗೆ ಹೊರಟವಳು ನನ್ನ ಅಣ್ಣನ ಮಗಳು ಮುಕ್ತಾ, ಹದಿನಾಲ್ಕರ ಹುಡುಗಿ. ಅವಳ ಎಡತೊಡೆಯಲ್ಲಿ ಮೊಣಕಾಲಿನವರೆಗೆ ಇರುವುದು ಲೋಹದ ಎಲುಬು. ಆ ಎಲುಬು ಬೆಳೆಯುತ್ತದೆ.

ಬೆಳೆಯುತ್ತದೆ ಎಂದರೆ ತಾನಾಗಿಯೇ ಅಲ್ಲ. ಅವಳು ನಾಲ್ಕನೆಯ ತರಗತಿಯಲ್ಲಿದ್ದಾಗ ಮೊಣಕಾಲಿನ ಹತ್ತಿರ ಕ್ಯಾನ್ಸರ್ ಕಾಣಿಸಿಕೊಂಡಿತು. ಕಾಲು ಉಳಿಸಿದರು, ಎಲುಬು ತೆಗೆದರು. ದೊಡ್ಡವರಿಗಾದರೆ ಒಂದು ಲೋಹದ ಎಲುಬು ಕೂರಿಸಿ ಕಳಿಸಿಬಿಡಬಹುದು. ಮಕ್ಕಳ ಇನ್ನೊಂದು ಕಾಲು ಸುಮ್ಮನಿರುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ. ಅದಕ್ಕೆ ಸರಿಸಮ ಬರಲು ಈ ಎಲುಬಿನೊಳಗೆ ಒಂದು ಪುಟ್ಟ ಅಯಸ್ಕಾಂತ, ಕೆಲವು ಹಲ್ಲಿನ ಚಕ್ರಗಳು ಇವೆ. ಕಾಲನ್ನು ಒಂದು ದೊಡ್ಡ ಕಡಗದಂಥ ಯಂತ್ರದೊಳಗೆ ಇಟ್ಟು ಸ್ವಿಚ್ ಹಾಕಿದರೆ ಒಳಗಿನ ಚಕ್ರ ತಿರುಗಿ ಎಲುಬು ಒಂದಿಷ್ಟೇ ಇಷ್ಟು ಉದ್ದವಾಗುತ್ತದೆ. ಕತ್ತರಿ ಇಲ್ಲ, ಹೊಲಿಗೆ ಇಲ್ಲ. ಆಮೇಲೆ ಕೆಲವು ದಿನ ಮೊಣಕಾಲು ಬಿಗಿದುಕೊಂಡು ಮಡಚಲು ಬರುವುದಿಲ್ಲ, ಅಳುತ್ತ ವ್ಯಾಯಾಮ ಮಾಡಬೇಕು. ಮಡಚಲು ಬರುವ ಹೊತ್ತಿಗೆ ಇನ್ನೊಂದು ಕಾಲು ಮತ್ತೆ ಮುಂದೆ ಹೋಗಿರುತ್ತದೆ.

ಇಲ್ಲಿ ನಮ್ಮ ಮನೆತನದ ಬಗ್ಗೆ ಒಂದು ಮಾತು ಹೇಳಲೇಬೇಕು. ನಾವು ಗಿಡ್ಡರು. ಅಪ್ಪ, ಅಣ್ಣ, ನಾನು, ಹೊರಗಿನಿಂದ ಬಂದ ಅವ್ವ ಮತ್ತು ಅತ್ತಿಗೆ, ಎಲ್ಲರೂ ಯಾವುದೋ ಒಪ್ಪಂದಕ್ಕೆ ಬದ್ಧರಾದವರ ಹಾಗೆ ಒಂದೇ ಮಟ್ಟದಲ್ಲಿ ನಿಂತುಬಿಟ್ಟವರು. ಅಂಗಡಿಯ ಅಟ್ಟದಿಂದ ಅಗರಬತ್ತಿ ತೆಗೆಯಲು ನಾನು ಸ್ಟೂಲು ಹತ್ತುತ್ತೇನೆ, ಎಷ್ಟೋ ಸಲ ಗಿರಾಕಿಗಳೇ ಕನಿಕರಪಟ್ಟು ತೆಗೆದುಕೊಡುತ್ತಾರೆ. ಹಾಗಾಗಿ ಮುಕ್ತಾ ಮೊದಲ ಸಲ "ಕಾಲು ದುಖತೇ" ಎಂದು ಅತ್ತಾಗ ನೆರೆಹೊರೆಯವರು "ಬೆಳೆಯುವ ಮಕ್ಕಳ ಕಾಲು ನೋಯುತ್ತದೆ, ಇದು ವಾಢೀಚಂ ದುಖಣಂ" ಎಂದದ್ದನ್ನು ನಾವು ಆಶೀರ್ವಾದದಂತೆ ಸ್ವೀಕರಿಸಿದೆವು. ಕೊನೆಗೂ ನಮ್ಮ ಮನೆಯಲ್ಲಿ ಒಬ್ಬಳು ಬೆಳೆಯುತ್ತಿದ್ದಾಳೆ! ಅವ್ವ ಎಣ್ಣೆ ಕಾಯಿಸಿ ಕಾಲು ತಿಕ್ಕಿದಳು, ಹಾಲಿಗೆ ಎರಡು ಬಾದಾಮಿ ಹೆಚ್ಚು ಹಾಕಿದಳು. ಎಲುಬಿನೊಳಗೆ ಬೆಳೆಯುತ್ತಿದ್ದುದು ಬೇರೆಯೇ ಎಂದು ತಿಳಿದಾಗ ಅವಳು ಬಾದಾಮಿಯ ಡಬ್ಬಿಯನ್ನು ಮೂಲೆಗೆ ಸರಿಸಿದಳು. ಅದನ್ನು ಮತ್ತೆ ತೆರೆಯಲು ಅವಳಿಗೆ ಬಹಳ ಕಾಲ ಧೈರ್ಯವಾಗಲಿಲ್ಲ.

ಮುಂದೆ ಎಲುಬು ಎಷ್ಟು ಬೆಳೆಸಬೇಕಾದೀತು ಎಂದು ಅಂದಾಜು ಮಾಡಲು ಡಾಕ್ಟರ್ ಮೇಡಂ ತಂದೆ-ತಾಯಿಯ ಎತ್ತರ ಕೇಳಿದರು. ಅಣ್ಣ ಒಂದು ಕ್ಷಣವೂ ತಡೆಯದೆ ತನ್ನ ಮದುವೆಯ ಬಯೋಡಾಟಾದಲ್ಲಿ ಬರೆಸಿದ್ದ ಎತ್ತರವನ್ನೇ ಹೇಳಿದ. ಆ ಎತ್ತರವನ್ನು ನಂಬಿ ಮದುವೆಯಾದ ಅತ್ತಿಗೆ ಪಕ್ಕದಲ್ಲೇ ಕೂತಿದ್ದಳು. ಮೇಡಂ ಕನ್ನಡಕದ ಮೇಲಿಂದ ಅವನನ್ನೊಮ್ಮೆ ನೋಡಿ, ಗೋಡೆಯ ಅಳತೆಪಟ್ಟಿಯ ಕಡೆ ಬೆರಳು ತೋರಿಸಿ, ಎದ್ದು ನಿಲ್ಲಲು ಹೇಳಿದರು. ಮಗಳ ಕ್ಯಾನ್ಸರಿನ ನಡುವೆಯೂ ಒಬ್ಬ ಗಂಡಸು ಎರಡು ಇಂಚಿಗಾಗಿ ನಾಚಬಲ್ಲ ಎನ್ನುವುದನ್ನು ನಾನು ಅಂದು ಕಣ್ಣಾರೆ ಕಂಡೆ.

ಶಸ್ತ್ರಚಿಕಿತ್ಸೆ, ಕೂದಲು ಉದುರಿಸುವ ಔಷಧ, ಇವೆಲ್ಲ ಮುಗಿದ ಮೇಲೆ ಶುರುವಾಗುವುದನ್ನು ಆಸ್ಪತ್ರೆಯವರು ಫಾಲೋಅಪ್ ಎನ್ನುತ್ತಾರೆ. ಅಂದರೆ ಬೆನ್ನು ಹತ್ತುವುದು. ನಾವು ಆಸ್ಪತ್ರೆಯ ಬೆನ್ನು ಹತ್ತಿದ್ದೇವೋ ರೋಗ ನಮ್ಮ ಬೆನ್ನು ಹತ್ತಿದೆಯೋ ಎಂಬುದನ್ನು ಅವರು ಬಿಡಿಸಿ ಹೇಳುವುದಿಲ್ಲ. ಕಾಲಿನ ಕೆಳಗೆ ಮರದ ಹಲಗೆಗಳನ್ನಿಟ್ಟು ಸೊಂಟ ಸಮ ಬರುವವರೆಗೆ ನೋಡುತ್ತಾರೆ, ಎರಡೂ ಕಾಲಿನ ಉದ್ದದ ಎಕ್ಸ್‌ರೇ ತೆಗೆಯುತ್ತಾರೆ, ಮೊಣಕಾಲು ಎಷ್ಟು ಮಡಚುತ್ತದೆ ಎಂದು ಅಳೆಯುತ್ತಾರೆ. ಹಲ್ಲು ಹುಳುಕಾದರೂ ಅವರಿಗೆ ತಿಳಿಸಬೇಕು, ಬಾಯಿಯ ಸೋಂಕು ರಕ್ತದಲ್ಲಿ ಹರಿದು ಲೋಹಕ್ಕೆ ಅಂಟಿಕೊಂಡೀತಂತೆ. ಜ್ವರ ಬಂದರೆ ನಾವು ಮೊದಲು ತೊಡೆ ಮುಟ್ಟಿ ನೋಡುತ್ತೇವೆ, ಆಮೇಲೆ ಹಣೆ. ದೇವಸ್ಥಾನದ ಬಾಗಿಲಲ್ಲಿ ಲೋಹ ಪತ್ತೆ ಮಾಡುವ ಚೌಕಟ್ಟು ಅವಳು ದಾಟುತ್ತಲೇ ಕುಂಯ್ ಎನ್ನುತ್ತದೆ. ಮೊದಲೆಲ್ಲ ಅಳುತ್ತಿದ್ದವಳು ಈಗ ಕಾವಲುಗಾರನ ಮುಂದೆ ಬೇಕೆಂದೇ ಎರಡು ಸಲ ದಾಟುತ್ತಾಳೆ.

ಅಣ್ಣನಿಗೆ ಕಾರ್ಖಾನೆಯ ಪಾಳಿ, ಅತ್ತಿಗೆಗೆ ಬ್ಯಾಂಕು. ದಿನದಲ್ಲಿ ಹೋಗಿ ಬರುವ ಈ ಭೇಟಿಗಳು ಕ್ರಮೇಣ ನನ್ನ ಮತ್ತು ಅವ್ವನ ಪಾಲಿಗೆ ಬಂದವು. ಅಂಗಡಿಯಲ್ಲಿ ಅಂದು ಅಪ್ಪ ಕೂರುತ್ತಾರೆ. ಅವ್ವನಿಗೆ ಈ ಪದವಿ ಸಿಕ್ಕಿದ್ದು ಮಾತ್ರ ಒಂದು ಶಬ್ದದ ದಯೆಯಿಂದ. ನಮ್ಮ ಬೀದರ ಕಡೆ ಅಜ್ಜಿಗೆ ‘ಆಯಿ’ ಎನ್ನುತ್ತೇವೆ. ಮರಾಠಿಯಲ್ಲಿ ‘ಆಈ’ ಎಂದರೆ ತಾಯಿ. ಮುಕ್ತಾ ಅಜ್ಜಿಯನ್ನು ಆಯಿ ಎಂದೂ ತಾಯಿಯನ್ನು ಮಮ್ಮಿ ಎಂದೂ ಕರೆಯುತ್ತ ಬೆಳೆದವಳು. ನರ್ಸು ಬಂದು "ಆಈ ಕುಠಾಯ?" ಎಂದು, ತಾಯಿ ಎಲ್ಲಿ ಎಂದು, ಕೇಳಿದಾಗಲೆಲ್ಲ ಮಗು ಅಜ್ಜಿಯ ಕಡೆ ಬೆರಳು ತೋರಿಸುತ್ತಿತ್ತು, ಅವ್ವ ಸೆರಗು ಸರಿಪಡಿಸಿಕೊಂಡು ಗಂಭೀರವಾಗಿ ಒಳಗೆ ಹೋಗುತ್ತಿದ್ದಳು. ಈ ವಯಸ್ಸಿನಲ್ಲಿ ಇಷ್ಟು ಚಿಕ್ಕ ಮಗಳೇ ಎಂದು ಆಸ್ಪತ್ರೆಯಲ್ಲಿ ಕೆಲವರು ಹುಬ್ಬೇರಿಸಿದ್ದುಂಟು. ಅವ್ವ ಯಾರ ತಪ್ಪು ಕಲ್ಪನೆಯನ್ನೂ ತಿದ್ದಲು ಹೋಗಲಿಲ್ಲ.

ಮನ್ಮಾಡ್ ಮೇಲೆ ಹೋಗುವ ರೈಲಿನಲ್ಲಿ ಮುಕ್ತಾಳ ಕಾಲು ಎಂದೂ ಬೆಂಚಿನ ಅಂಚಿನಲ್ಲಿ ನಿಲ್ಲುವುದಿಲ್ಲ. ಮೊಣಕಾಲು ಪೂರ್ತಿ ಮಡಚದ ಕಾರಣ ಅದು ನಡುದಾರಿಗೆ ಚಾಚಿಕೊಂಡಿರುತ್ತದೆ. ಚಹದವರು, ಶೇಂಗಾದವರು, ಚೀಲ ಹೊತ್ತವರು ಎಲ್ಲರೂ ಅದನ್ನು ದಾಟಿಯೇ ಹೋಗಬೇಕು. ಮಕ್ಕಳನ್ನು ದಾಟಿದರೆ ಅವರ ಬೆಳವಣಿಗೆ ನಿಂತುಹೋಗುತ್ತದೆ ಎಂಬುದು ಅವ್ವನ ಅಚಲ ನಂಬಿಕೆ. ದಾಟಿದವರೇ ತಿರುಗಿ ದಾಟಿದರೆ ಮಾತ್ರ ದೋಷ ಹೋಗುತ್ತದೆ. ಒಮ್ಮೆ ಮಾಲೇಗಾಂವ್ ಕಡೆಯ ಬಟ್ಟೆ ವ್ಯಾಪಾರಿಯೊಬ್ಬ ದೊಡ್ಡ ಗಂಟು ಹೊತ್ತು, ಮನ್ಮಾಡಿನಲ್ಲಿ ಇಳಿಯುವ ಅವಸರದಲ್ಲಿ ಕಾಲು ದಾಟಿದ. ಅವ್ವ ಅವನ ಅಂಗಿಯ ಚುಂಗು ಹಿಡಿದು "ದಾದಾ, ಪರತ ಓಲಾಂಡಾ" ಎಂದಳು. ತಿರುಗಿ ದಾಟು, ಎಂದು. ಅವನು ಒಮ್ಮೆ ಅವ್ವನನ್ನು, ಒಮ್ಮೆ ಕಾಲಿನ ಮೇಲಿನ ಉದ್ದ ಕಲೆಯನ್ನು ನೋಡಿದ. ಏನು ಅರ್ಥವಾಯಿತೋ, ಗಂಟಿನ ಸಮೇತ ತಿರುಗಿ ದಾಟಿದ. ದಾಟಿದ ಮೇಲೆ ತಾನು ಮತ್ತೆ ಕಾಲಿನ ಹಿಂದೆಯೇ, ಬಾಗಿಲಿನಿಂದ ದೂರ ಉಳಿದೆ ಎಂದು ಅವನಿಗೆ ಹೊಳೆಯಿತು. ಇಡೀ ಡಬ್ಬಿಯನ್ನು ಹಾದು ಇನ್ನೊಂದು ಬಾಗಿಲಿಗೆ ಓಡಿದ ಆ ಪುಣ್ಯಾತ್ಮನನ್ನು ಮುಕ್ತಾ ನಗುತ್ತ ಕಿಟಕಿಯಿಂದ ಹುಡುಕಿದಳು, ಅವನು ಪ್ಲಾಟ್‌ಫಾರ್ಮಿನಿಂದ ಕೈ ಬೀಸಿದ.

ಇಂಥ ಅವ್ವನನ್ನು ಕಾಲು ಉದ್ದ ಮಾಡುವ ಕೋಣೆಯ ಮುಂದೆ ಮೊದಲ ಸಲ ಕೂರಿಸಿದ್ದೆವು. ಯಂತ್ರ ನೋಡಿಕೊಳ್ಳುವ ಹುಡುಗಿ ಹೊರಗೆ ಬಂದು, ಬಹಳ ಪ್ರೀತಿಯಿಂದ, "ಆಜೀ, ಆಜ ಪಾಯ ವಾಢವಾಯಚಾ ಆಹೇ" ಎಂದಳು. ಇಂದು ಕಾಲು ಬೆಳೆಸಬೇಕು, ಎಂದು. ಬಳೆ ಮತ್ತು ತೆಂಗಿನಕಾಯಿಯ ಮರಾಠಿಯಲ್ಲಿ ನುರಿತ ಅವ್ವನ ಕಿವಿಗೆ ಬಿದ್ದದ್ದು ಬೇರೆ. ಅವಳು ಎದ್ದು ನಿಂತು, ಮಗುವನ್ನು ಸೆರಗಿನೊಳಗೆ ಎಳೆದುಕೊಂಡು ನನ್ನ ಕಡೆ ಕೂಗಿದಳು: "ಕಾಲು ಮುರೀತಾರಂತೋ! ಒಂದ್ಸಲ ಕೊಯ್ದಿದ್ದು ಸಾಲದಾತೇನು ಇವ್ರಿಗಿ? ನಡಿ, ಮನಿಗಿ ನಡಿ!"

ಆ ಹುಡುಗಿಗೆ ಕನ್ನಡ ಬಾರದು, ಆದರೆ ‘ಮನಿಗಿ ನಡಿ’ ಎನ್ನುವ ಮುಖ ಯಾವ ಭಾಷೆಯಲ್ಲೂ ಒಂದೇ. ನಾನು ನಡುವೆ ನಿಂತು ಇಬ್ಬರಿಗೂ ಅರ್ಥ ಹೇಳುವಷ್ಟರಲ್ಲಿ ಕಾರಿಡಾರಿನ ಅರ್ಧ ಜನ ನಮ್ಮ ಸುತ್ತ ಸೇರಿದ್ದರು. ಸತ್ಯ ಹೇಳಬೇಕೆಂದರೆ, ದಿನಕ್ಕೆ ನೂರು ಸಲ ‘ವಾಢಿಸುವ’ ಕಾಯಿ ಮಾರುವ ನನಗೂ ಒಂದು ಕ್ಷಣ ಮೈ ಜುಮ್ಮೆಂದಿತ್ತು. ಹುಡುಗಿ ನಕ್ಕು, ಎರಡು ಬೆರಳುಗಳನ್ನು ಹತ್ತಿರ ಹಿಡಿದು, ಚೂರೇ ದೂರ ಮಾಡಿ ತೋರಿಸಿದಳು. ಅವ್ವ ಅದನ್ನು ದಿಟ್ಟಿಸಿ ನೋಡಿ "ಹಂಗಾರ ಲಾಂಬ ಅನ್ನು ತಾಯಿ, ವಾಢ ಅನಬ್ಯಾಡ" ಎಂದಳು. ಲಾಂಬ ಎಂದರೆ ಉದ್ದ. ಅಂದಿನಿಂದ ಆ ಕೋಣೆಯಲ್ಲಿ ನಮ್ಮ ಹುಡುಗಿಯ ಕಾಲು ಲಾಂಬ ಆಗುತ್ತದೆಯೇ ಹೊರತು ವಾಢುವುದಿಲ್ಲ.

ಆದರೆ ಕಾರಿಡಾರಿನಲ್ಲಿ ಇನ್ನೊಂದು ಬಾಗಿಲೂ ಇತ್ತು. ಅದು ಎದೆಯ ಸ್ಕ್ಯಾನ್ ಮಾಡುವ ಕೋಣೆ. ಈ ಜಾತಿಯ ಕ್ಯಾನ್ಸರ್ ಮರಳಿ ಬಂದರೆ ಹೆಚ್ಚಾಗಿ ಶ್ವಾಸಕೋಶಕ್ಕೆ ಬರುತ್ತದೆ ಎಂದು ಡಾಕ್ಟರ್ ಮೇಡಂ ಶುರುವಿನಲ್ಲೇ ಹೇಳಿದ್ದರು. ಹಾಗಾಗಿ ಭೇಟಿಯ ದಿನ ಮೊದಲು ಎದೆ, ಆಮೇಲೆ ಕಾಲು. ಮುಕ್ತಾಳನ್ನು ಎದೆಯ ಬಾಗಿಲೊಳಗೆ ಕಳಿಸಿ, ಫಲಿತಾಂಶ ಬರುವವರೆಗೆ ನಾವು ಬೆಂಚಿನ ಮೇಲೆ ಕೂರುತ್ತಿದ್ದೆವು. ಆಗ ಏನು ಮಾತಾಡುತ್ತಿದ್ದೆವು ಗೊತ್ತೇ? ಎತ್ತರದ ಬಗ್ಗೆ. ಹುಡುಗಿ ಅತ್ತಿಗೆಯನ್ನು ಮೀರಿಸಿದಳೇ, ಅಣ್ಣನ ಬಯೋಡಾಟಾದ ಎತ್ತರವನ್ನಾದರೂ ಮುಟ್ಟುತ್ತಾಳೆಯೇ, ಅಪ್ಪನ ಚಿಕ್ಕಪ್ಪನೊಬ್ಬ ಎತ್ತರವಿದ್ದನಂತೆ, ಅವನ ರಕ್ತ ಬಂದಿರಬಹುದೇ ಎಂದೆಲ್ಲ. ಎತ್ತರದ ಬಗ್ಗೆ ಅಷ್ಟು ಆಳವಾಗಿ ಚರ್ಚಿಸಿದ ಗಿಡ್ಡರು ಇಡೀ ಮಹಾರಾಷ್ಟ್ರದಲ್ಲಿ ಇರಲಾರರು. ಮುಕ್ತಾ ಹೊರಬಂದು ನಮ್ಮ ನಡುವೆ ಕೂತ ಮೇಲೂ ಅದೇ ಮಾತು, ಇನ್ನಷ್ಟು ಜೋರಾಗಿ. ಎದೆ ಎಂಬ ಶಬ್ದ ಆ ಬೆಂಚಿನ ಮೇಲೆ ಒಂದು ದಿನವೂ ನಮ್ಮ ಬಾಯಿಂದ ಬರಲಿಲ್ಲ. ಕಾಲಿನ ವಿಷಯ ಸುಲಭ. ಕಾಲು ಕಣ್ಣಿಗೆ ಕಾಣುತ್ತದೆ, ಅದಕ್ಕೊಂದು ಯಂತ್ರವಿದೆ.

ಕಳೆದ ವರ್ಷದ ಒಂದು ಭೇಟಿಯಲ್ಲಿ ನಾನು ಚಹ ತರಲು ಕೆಳಗೆ ಹೋಗಿದ್ದೆ. ಎರಡು ಕಪ್ಪು ಹಿಡಿದು ಮೆಟ್ಟಿಲು ಹತ್ತಿ ಬಂದರೆ ಅವ್ವ ನೆಲದ ಮೇಲೆ ಕೂತು, ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತಿದ್ದಳು. ಮುಕ್ತಾ ಗೋಡೆಗೆ ಆತು ನಿಂತಿದ್ದಳು, ಮುಖದಲ್ಲಿ ರಕ್ತವೇ ಇರಲಿಲ್ಲ. ಚಹ ಎಲ್ಲಿ ಇಟ್ಟೆನೋ ನನಗೆ ಇಂದಿಗೂ ನೆನಪಿಲ್ಲ. ಮುಗಿಯಿತು ಎಂದುಕೊಂಡೆ. ಅಣ್ಣನಿಗೆ ಫೋನು ಹೇಗೆ ಮಾಡಲಿ ಎಂದೂ ಆ ನಾಲ್ಕು ಹೆಜ್ಜೆಯಲ್ಲೇ ಯೋಚಿಸಿದೆ. "ಏನಾತವ್ವಾ? ಡಾಕ್ಟರು ಏನಂದ್ರು?"

"ವಾಢ ನಾಹೀ ಅಂದ್ರೋ" ಎಂದು ಅವ್ವ ಬಿಕ್ಕಿದಳು. "ಓಡ್ಕೋತ ಬಂದು, ಆಜೀ, ಕುಠೇಹೀ ವಾಢ ನಾಹೀ, ಅಂತಂದು ಹೋದ್ರು. ಎಲ್ಲೂ ಬೆಳೆದೇ ಇಲ್ಲಂತ! ಇಷ್ಟು ವರ್ಷ ತಿರಗಿದ್ದೆಲ್ಲ ನೀರಾಗ ಹೋತು."

ಮೇಡಂ ಹೇಳಿದ್ದು ಎದೆಯ ಮಾತು. ಶ್ವಾಸಕೋಶದಲ್ಲಿ ಎಲ್ಲಿಯೂ ಬೆಳವಣಿಗೆ ಇಲ್ಲ ಎಂದು. ಆ ಕಾರಿಡಾರಿನಲ್ಲಿ ಒಬ್ಬ ಮನುಷ್ಯನ ಕಿವಿಗೆ ಬೀಳಬಹುದಾದ ಅತ್ಯಂತ ಒಳ್ಳೆಯ ಸುದ್ದಿ ಅದು. ಅದನ್ನು ಕೇಳಿ ನಮ್ಮ ಅವ್ವ ನೆಲಕ್ಕೆ ಕುಸಿದಿದ್ದಳು. ನನಗೆ ನಗು ಬಂತು. ನಿಲ್ಲಿಸಲಾಗದ, ಅಳುವಿನ ಕಡೆಗೇ ಹೊರಟಿದ್ದ ಕೆಟ್ಟ ನಗು ಅದು. ಅವ್ವ ನನ್ನ ಬೆನ್ನಿಗೊಂದು ಗುದ್ದಿದಳು. ಅರ್ಥ ತಿಳಿದ ಮೇಲೆ ಅವಳೂ ನಕ್ಕಳು, ನಾಚಿಕೊಂಡಳು, ಕಾರಿಡಾರಿನ ಅಪರಿಚಿತರಿಗೆಲ್ಲ ಚೀಲದಿಂದ ಉಂಡಿ ತೆಗೆದು ಹಂಚಿದಳು. ಮುಕ್ತಾ ಉಂಡಿ ಮುಟ್ಟಲಿಲ್ಲ. ಇನ್ನೂ ಗೋಡೆಗೆ ಆತುಕೊಂಡೇ ಇದ್ದಳು. ಬಿಗಿದ ಮೊಣಕಾಲಿನ ನೋವಿರಬೇಕು ಎಂದು ನಾವು ಭಾವಿಸಿದೆವು.

ಮುಂದಿನ ಭೇಟಿಯ ದಿನ ಬಂದಾಗ ಅವಳು "ಮೀ ಯೇಣಾರ ನಾಹೀ, ನಾ ಬರಲ್ಲ" ಎಂದು ಎರಡು ಭಾಷೆಯಲ್ಲಿ ಹೇಳಿ ಕೋಣೆಯ ಬಾಗಿಲು ಹಾಕಿಕೊಂಡಳು. ಅಣ್ಣ ಬೈದ, ಅತ್ತಿಗೆ ಅತ್ತಳು. ಅವ್ವ ಹೊಸ ಡ್ರೆಸ್ಸಿನ ಆಸೆ ತೋರಿಸಿದಳು. ನೋವು ಕಡಿಮೆ ಮಾಡುವ ಮಾತ್ರೆ ಕೇಳೋಣ, ಈ ಸಲ ಸ್ವಲ್ಪವೇ ಉದ್ದ ಮಾಡಿಸೋಣ ಎಂದು ಕಾಲಿಗೆ ಸಂಬಂಧಿಸಿದ ಎಲ್ಲ ರಿಯಾಯಿತಿಗಳನ್ನೂ ಬಾಗಿಲ ಹೊರಗಿನಿಂದ ಕೂಗಿ ಹೇಳಿದೆವು. ಬಾಗಿಲು ತೆರೆಯಲಿಲ್ಲ. ಆ ಭೇಟಿ ತಪ್ಪಿತು. ಆಸ್ಪತ್ರೆಯವರು ಕೊಟ್ಟ ಇನ್ನೊಂದು ದಿನವೂ ತಪ್ಪಿತು. ಅಷ್ಟರಲ್ಲಿ ಬಲಗಾಲು ತನ್ನ ಪಾಡಿಗೆ ತಾನು ಬೆಳೆಯಿತು. ಹುಡುಗಿ ವಾಲಿಕೊಂಡು ನಡೆಯತೊಡಗಿದಳು, ಎಡ ಬೂಟಿಗೆ ದಪ್ಪ ಅಟ್ಟೆ ಹಾಕಿಸಿದೆವು. ವಾಲುವುದಾದರೂ ಕಣ್ಣಿಗೆ ಕಾಣುತ್ತಿತ್ತು. ಎದೆಯೊಳಗೆ ಏನಾದರೂ ಶುರುವಾಗಿದ್ದರೆ ಅದನ್ನು ನೋಡುವವರೇ ಇರಲಿಲ್ಲ, ಮತ್ತು ಅದಕ್ಕೆ ಅಟ್ಟೆ ಹಾಕಿಸಲು ಬರುವುದಿಲ್ಲ.

ಒಂದು ಭಾನುವಾರ ಅವಳು ಅಂಗಡಿಗೆ ಬಂದಳು. ಸ್ಟೂಲಿನ ಮೇಲೆ ಕಾಲು ಚಾಚಿ ಕೂತು, ಕರ್ಪೂರದ ಪುಡಿಕೆ ಕಟ್ಟುತ್ತಿದ್ದಳು. ಹೊರಗೆ ಯಾತ್ರಿಕರ ಗಲಾಟೆ. ನಾನು ಎಂದಿನಂತೆ ಶುರು ಮಾಡಿದೆ: ಇನ್ನೊಂದೆರಡು ಸಲ ಹೋಗಿ ಬಂದರೆ ಸಾಕು, ಆಮೇಲೆ ಅಟ್ಟದ ಅಗರಬತ್ತಿ ತೆಗೆಯಲು ನಿನ್ನನ್ನೇ ಕರೆಯುತ್ತೇನೆ. ಅವಳು ಪುಡಿಕೆ ಕೆಳಗಿಟ್ಟಳು. ಅವಳ ಕನ್ನಡ ನಿಮಗೆ ಗೊತ್ತಿಲ್ಲ. ಅವಳಿಗೆ ನಾವು ಆಡಿದ್ದೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. ಅಂದು ಅವಳು ಒಂದೊಂದೇ ಶಬ್ದ ಹುಡುಕಿ, ಕನ್ನಡದಲ್ಲಿ ಹೇಳಿದಳು:

"ಕಾಕಾ, ಕಾಲಿಂದು ನಂಗ ಭೀತಿ ಇಲ್ಲ. ದುಖತೇ, ಠೀಕ ಆಹೇ. ಭೀತಿ ಎದಿದು ಅದ. ಅವತ್ತು ಆಯಿ ಅಳ್ತಿದ್ಳಲ್ಲ, ನಂಗ ಅನಸ್ತು, ನಾ ಸಾಯ್ತೀನಿ ಅಂತ. ಆಮ್ಯಾಲ ನೀವು ನಕ್ರಿ. ನಂಗ ಯಾರೂ ಏನೂ ಕೇಳ್ಲಿಲ್ಲ. ನೀವು ಯಾರೂ ಎದಿ ಅನ್ನಲ್ಲ. ಬರೀ ಉಂಚೀ, ಉಂಚೀ, ಉಂಚೀ. ಆ ಬೆಂಚ್ ಮ್ಯಾಲ ನಾ ಒಬ್ಬಾಕಿನೇ ಇರ್ತೀನಿ."

ಉಂಚೀ ಎಂದರೆ ಎತ್ತರ. ಗಿರಾಕಿಯೊಬ್ಬ ಕಾಯಿ ಕೇಳಿದ. ಇಲ್ಲ ಎಂದೆ. ಅವನ ಕಣ್ಣೆದುರೇ ಕಾಯಿಯ ರಾಶಿ ಬಿದ್ದಿತ್ತು. ಕೊನೆಗೆ, "ನಾ ಏನ್ ಮಾಡ್ಲಿ ಹೇಳವಾ" ಎಂದೆ. ಅವಳು ತನ್ನ ಷರತ್ತು ಹೇಳಿದಳು. ಬರುತ್ತಾಳೆ, ಆದರೆ ಆ ಬೆಂಚಿನ ಮೇಲೆ ಎತ್ತರದ ಮಾತು ಕೂಡದು. ಮೊದಲು ಎದೆಯ ಮಾತು. ಡಾಕ್ಟರು ಹೇಳುವುದನ್ನು ಅಜ್ಜಿಗಲ್ಲ, ಮೊದಲು ಅವಳಿಗೆ ಹೇಳಬೇಕು.

ಮೊನ್ನೆ ಹೋದದ್ದು ಆ ಷರತ್ತಿನ ಮೇಲೆ. ಎರಡು ಭೇಟಿ ತಪ್ಪಿದ ಮೇಲಿನ ಮೊದಲ ಭೇಟಿ, ಮೇಲೆ ಬೆಳಿಗ್ಗೆ ಬೆಳಿಗ್ಗೆಯೇ ಬಳೆ. ನಾನು ಕತೆಗಾರನಲ್ಲ, ನಿಮ್ಮನ್ನು ಆ ಬೆಂಚಿನ ಮೇಲೆ ಕೂರಿಸಿ ಕಾಯಿಸುವ ಮನಸ್ಸೂ ನನಗಿಲ್ಲ. ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ: ಸಂಜೆ ಮೇಡಂ ಮುಕ್ತಾಳನ್ನು ಎದುರಿಗೆ ಕೂರಿಸಿಕೊಂಡು, ಪರದೆಯ ಮೇಲೆ ಚಿತ್ರ ತೋರಿಸಿ, ಎದೆಯಲ್ಲಿ ಏನೂ ಇಲ್ಲ ಎಂದು ಅವಳಿಗೇ ಹೇಳಿದರು. ಈಗ ನೀವು ನಿಶ್ಚಿಂತೆಯಿಂದ ಓದಬಹುದು. ನಮಗೆ ಆ ಅನುಕೂಲ ಇರಲಿಲ್ಲ.

ಬೆಂಚಿನ ಮೇಲೆ ನಾವು ಮೂವರು ಸಾಲಾಗಿ ಕೂತಿದ್ದೆವು. ಎತ್ತರದ ಮಾತು ನಿಷಿದ್ಧವಾದ ಮೇಲೆ ನಮಗೆ ಆಡಲು ಬೇರೆ ಮಾತೇ ಇಲ್ಲ ಎನ್ನುವುದು ಅಲ್ಲಿ ಗೊತ್ತಾಯಿತು. ನಾನು ಫ್ಯಾನು ನೋಡಿದೆ. ಅವ್ವ ಚೀಲದ ದಾರ ಬಿಚ್ಚಿ ಕಟ್ಟಿದಳು. ಎದುರಿನ ಬೆಂಚಿನಲ್ಲಿ ಸಟಾಣಾ ಕಡೆಯ ರೈತನೊಬ್ಬ, ಬೋಳುತಲೆಗೆ ಟೊಪ್ಪಿಗೆ ಹಾಕಿಕೊಂಡ ತನ್ನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ದಾಳಿಂಬೆಗೆ ಈ ಸಲ ಒಳ್ಳೆಯ ಬೆಲೆ ಬರುತ್ತದೆ ಎಂದು ಪಕ್ಕದವನಿಗೆ ದೊಡ್ಡ ದನಿಯಲ್ಲಿ ಹೇಳುತ್ತಿದ್ದ. ಯಾರೂ ಕೇಳದಿದ್ದರೂ ಹೇಳುತ್ತಲೇ ಇದ್ದ. ನಮಗೆ ಎತ್ತರ ಹೇಗೋ ಅವನಿಗೆ ದಾಳಿಂಬೆ ಹಾಗೆ ಎಂದು ನನಗೆ ಚೆನ್ನಾಗಿ ಗೊತ್ತಾಯಿತು.

ಅವ್ವನಿಗೆ ತಡೆಯಲಾಗಲಿಲ್ಲ. "ಏನೇ ಅನ್ನು, ಹುಡುಗಿ ಎತ್ರ..." ಎಂದು ಶುರು ಮಾಡಿ, ಮುಕ್ತಾಳ ಮುಖ ನೋಡಿ, ಬಾಯಿ ಮುಚ್ಚಿದಳು.

ಅಷ್ಟರಲ್ಲಿ ಎದೆಯ ಬಾಗಿಲು ತೆರೆದು ನರ್ಸು ಹೆಸರು ಕೂಗಿದಳು. ಮುಕ್ತಾ ಎದ್ದಳು. ದಪ್ಪ ಅಟ್ಟೆಯ ಬೂಟು ಊರಿ, ಬಾಗಿಲವರೆಗೆ ಹೋಗಿ, ಅಲ್ಲಿಂದ ತಿರುಗಿ ನಿಂತಳು. ಹೋಂವರ್ಕ್ ಮಾಡದವರನ್ನು ಎದ್ದು ನಿಲ್ಲಿಸುವ ಶಿಕ್ಷಕಿಯ ದನಿಯಲ್ಲಿ, ಇಡೀ ಕಾರಿಡಾರಿಗೆ ಕೇಳುವ ಹಾಗೆ ಮರಾಠಿಯಲ್ಲಿ ಕೇಳಿದಳು:

"ಕೋಣಾಕೋಣಾಲಾ ಭೀತೀ ವಾಟತೇಯ? ಹಾತ ವರ ಕರಾ."

ಯಾರ್ಯಾರಿಗೆ ಹೆದರಿಕೆ ಆಗುತ್ತಿದೆ? ಕೈ ಎತ್ತಿ.

ಮೊದಲು ಎತ್ತಿದವಳು ಅವ್ವ. ಎತ್ತಿದ ಕೈಯನ್ನು ಇಳಿಸಲಿಲ್ಲ. ನಾನು ಎತ್ತಿದೆ. ಐವತ್ತು ದಾಟಿದ ಗಂಡಸು, ಅಂಗಡಿ ಇರುವವನು, ಆಸ್ಪತ್ರೆಯ ಕಾರಿಡಾರಿನಲ್ಲಿ ಶಾಲೆಯ ಹುಡುಗನಂತೆ ಕೈ ಎತ್ತಿ ಕೂತೆ. ನನಗೆ ನಿಜಕ್ಕೂ ಬಹಳ ಹೆದರಿಕೆಯಾಗಿತ್ತು. ಇಷ್ಟು ವರ್ಷದಲ್ಲಿ ಅದನ್ನು ನಾನು ಯಾರಿಗಾದರೂ ತಿಳಿಸಿದ್ದು ಅದೇ ಮೊದಲು. ಮುಕ್ತಾ ನಮ್ಮಿಬ್ಬರನ್ನೂ ನೋಡಿ, ತಾನೂ ಕೈ ಎತ್ತಿದಳು.

ಎದುರಿನ ಬೆಂಚಿನಲ್ಲಿ ದಾಳಿಂಬೆಯ ಮಾತು ನಿಂತಿತ್ತು. ಆ ರೈತ ಮಗಳನ್ನು ಎಡಗೈಗೆ ಬದಲಿಸಿಕೊಂಡು, ಬಲಗೈಯನ್ನು ಮೆಲ್ಲಗೆ ಮೇಲೆತ್ತಿದ.